ಶಾಲೆಯ ದಾಖಲೆಯಲ್ಲಿ ಒಡೆಯರ ಜಾತಿ

ಹೊನ್ನಾವರ ಪೇಟೆಯಲ್ಲಿ ಹುಳಿಗೆ ಹಾಕುವ ಮುರುಗಲ ಸಿಪ್ಪೆ, ಜೇನು ಮಾರಿ ಬದುಕು ಕಟ್ಟಿಕೊಂಡವನು ನಾನು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದರೆ ಮಗಳ ಜಾತಿ ಪ್ರಮಾಣಪತ್ರದ ಅರ್ಜಿ ತಿರಸ್ಕೃತವಾದ ದಿನ ಆ ಚೌಕಾಶಿ ಕೆಲಸಕ್ಕೆ ಬರಲಿಲ್ಲ.

ನಾವು ಸಿದ್ದಿಗಳು. ಹಿಂದೆ ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ಬಂದು, ಬಿಡುಗಡೆಯಾಗಿಯೋ ತಪ್ಪಿಸಿಕೊಂಡೋ ಕಾಡು ಸೇರಿದವರ ಮಕ್ಕಳು. ಗೇರುಸೊಪ್ಪದ ಮೇಲೆ ಕಾಡಂಚಿನಲ್ಲಿ ನಮ್ಮ ಮನೆ. ಸಿದ್ದಿ ಎಂಬ ಪತ್ರ ಸಿಕ್ಕರೆ ಮಗಳು ಪರಿಶಿಷ್ಟ ಪಂಗಡಕ್ಕೆ ಸೇರುತ್ತಾಳೆ. ನಾವು ಸಾಗುವಳಿ ಮಾಡುತ್ತಿದ್ದ ಅರಣ್ಯಭೂಮಿಯ ಹಕ್ಕುಪತ್ರಕ್ಕೂ ದಾರಿಯಾಗುತ್ತದೆ. ಇಲ್ಲವಾದರೆ ಆ ಭೂಮಿಗೆ ಮೂರು ತಲೆಮಾರಿನ ದಾಖಲೆ ತರಬೇಕು. ತಲೆಮಾರುಗಳು ನಮ್ಮಲ್ಲಿದ್ದವು, ದಾಖಲೆ ಇರಲಿಲ್ಲ.

ಎಡವಿದ್ದು ನನ್ನ ಶಾಲೆಯ ದಾಖಲೆಯಲ್ಲಿ. ಅಲ್ಲಿ ನನ್ನ ಜಾತಿಯೆಂದು ನಾವು ದುಡಿಯುತ್ತಿದ್ದ ಗದ್ದೆಯ ಒಡೆಯರ ಜಾತಿ ಬರೆದಿತ್ತು.

"ಆಯಿ, ನನ್ನ ಶಾಲಿಗೆ ಸೇರ್ಸುವಾಗ ಎಂತ ಹೇಳಿದ್ಯೆ?" ಅಮ್ಮನನ್ನು ಕೇಳಿದೆ.

"ಯಾರ ಪೈಕಿ ಅಂತ ಮಾಸ್ತರು ಕೇಳಿದ್ರು. ಒಡೆಯರ ಮನೆಯವ್ರು ಅಂದೆ. ಮತ್ತೆಂತ ಹೇಳೂದು? ನನ್ನ ಅಪ್ಪನೂ ಹಂಗೇ ಹೇಳ್ತಿದ್ದ."

ಯಾರ ಗದ್ದೆಯಲ್ಲಿ ದುಡಿಯುತ್ತೇವೋ ಅವರ ಮನೆಯವರು. ಗುಲಾಮಗಿರಿ ಹೋದ ಮೇಲೂ ನಮ್ಮವರ ಬಾಯಲ್ಲಿ ಉಳಿದ ಉತ್ತರ ಅದು.

ಕುಮಟೆಯ ದಲ್ಲಾಳಿಯೊಬ್ಬ, "ವಾರದಲ್ಲಿ ಮಾಡ್ಸಿ ಕೊಡ್ತೆ, ನೀ ಸುಮ್ಮಂಗಿರು ಮಾರಾಯಾ" ಎಂದ. ಮಾಲು ನೋಡದೆ ನಾನು ವ್ಯಾಪಾರಕ್ಕೆ ಇಳಿಯುವವನಲ್ಲ. ಮೇಲ್ಮನವಿ ಹಾಕಿದೆ, ಮನೆಗೇ ಬಂದು ವಿಚಾರಿಸಿ ಎಂದು ಪಟ್ಟು ಹಿಡಿದೆ. ನಿಮಗೂ ಹೇಳುತ್ತೇನೆ: ಅಸಲು ಕಾಗದ ಕೈಬಿಡಬೇಡಿ, ಅರ್ಜಿ ಕೊಟ್ಟಿದ್ದಕ್ಕೆ ಸಹಿ, ಮೊಹರು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ.

ಅಧಿಕಾರಿ ಬಂದರು. ಆಯಿಗೆ ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಬಾಯಿಪಾಠದ ಮಾತು ಕೇಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಅವರು ಕೇಳಿದ್ದೂ ಮಾಸ್ತರರ ಪ್ರಶ್ನೆಯನ್ನೇ: "ಅಜ್ಜಿ, ನೀವು ಯಾರ ಪೈಕಿ?"

ಆಯಿ ಮೊಮ್ಮಗಳ ಮುಖ ನೋಡಿದಳು. ಎದ್ದು ಹೋಗಿ ಒಳಕೋಣೆಯ ಮೂಲೆ ತೋರಿಸಿದಳು. ಅಲ್ಲಿ ನಾವು ಸಿದ್ದಿಗಳು ತೀರಿಹೋದ ಹಿರಿಯರೆಂದು ಪೂಜಿಸುವ ತೆಂಗಿನಕಾಯಿ ಕೂತಿತ್ತು.

"ನಾ ಇವ್ರ ಪೈಕಿ. ಒಡೆಯರ ಮನೇಲಿ ದುಡ್ದದ್ದು, ಅಷ್ಟೆಯ."

ಅಧಿಕಾರಿ ಚಪ್ಪಲಿ ಕಳಚಿ ಒಳಗೆ ಬಂದು ನೋಡಿದರು. ನೆರೆಯ ಇಬ್ಬರು ಮುದುಕರ ಹೇಳಿಕೆಯನ್ನೂ ಬರೆದುಕೊಂಡರು.

ಮಗಳ ಪತ್ರ ಬಂತು. ಅದನ್ನು ಹಿಡಿದು ಓಡಾಡಿದ್ದಕ್ಕೆ ಹಕ್ಕುಪತ್ರವೂ ಬಂತು. ಎರಡನ್ನೂ ಮಗಳು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದಳು.

"ಒಡೆಯರ ಹೆಸರು ಎಲ್ಲೂ ಇಲ್ವನೆ?" ಆಯಿ ಕೇಳಿದಳು.

"ಇಲ್ಲ ಅಜ್ಜಿ."

"ಆತು. ಇನ್ನೊಂದ್ಸಲ ಓದು."