ಖಾಲಿ ಆಕಾಶದಲ್ಲೊಂದು ಗುರುತು

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಯೋಚಿಸಲು ಸೋಮಾರಿತನ, ಅದಕ್ಕೇ ದೆವ್ವ ಭೂತ ಎನ್ನುತ್ತಾರೆ ಎಂದು ಮುಖಕ್ಕೇ ಹೇಳಿದ್ದೇನೆ. ಈಗ ನಾನೇ ಹೇಳಲು ಕೂತಿದ್ದೇನೆ. ಆ ಸಿಟ್ಟೂ ಇದರಲ್ಲಿ ಸೇರಿದೆ.

ನಾನು ಹೊನ್ನಾವರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಮನೆ ಭಟ್ಕಳದ ಹತ್ತಿರ, ಮುಟ್ಟಳ್ಳಿಯಲ್ಲಿ. ಅಣ್ಣ ಮೀನಿನ ಬೋಟಿಗೆ ಹೋಗುತ್ತಿದ್ದ. ಒಂದು ಸಲ ಬೋಟು ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಂದಿನಿಂದ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಅವನ ಮಣೆ ಹಾಕಿಯೇ ಇದೆ, ಪಕ್ಕಕ್ಕೊಂದು ತಂಬಿಗೆ ನೀರು. ಅಮ್ಮ ದಿನಾ ನೀರು ಬದಲಿಸುತ್ತಾಳೆ, ಮಣೆಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ತಿಥಿ ಮಾಡಲೂ ಬಿಡಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವಳ ಮೇಲೆ ಸಿಟ್ಟು, ಹೋದವನ ಮೇಲೆ ಇನ್ನೂ ಹೆಚ್ಚು.

ನನ್ನ ಸಂಶೋಧನೆ ಕಣ್ಣಿಗೆ ಕಾಣದ ಕಪ್ಪು ದ್ರವ್ಯದ್ದು. ದೂರದ ಗೆಲಾಕ್ಸಿಗಳ ಬೆಳಕು ಅದರ ಪಕ್ಕ ಹಾದು ಬರುವಾಗ ತುಸು ಬಾಗುತ್ತದೆ. ಆ ಬಾಗು ನೋಡಿ ದ್ರವ್ಯ ಎಲ್ಲಿದೆ ಎಂದು ಗುರುತು ಹಾಕಲು ಕಂಪ್ಯೂಟರಿಗೆ ಕಲಿಸುತ್ತಿದ್ದೆವು. ಅದಕ್ಕಾಗಿ ಕೃತಕ ಆಕಾಶಗಳನ್ನು ಮಾಡಿ, ದ್ರವ್ಯವನ್ನು ನಾವೇ ಅಡಗಿಸುತ್ತೇವೆ. ಏನೂ ಅಡಗಿಸದ ಖಾಲಿ ಆಕಾಶವನ್ನೂ ಕೊಡುತ್ತೇವೆ, ಅದು ಸುಳ್ಳು ಹೇಳುತ್ತದೋ ಎಂದು ನೋಡಲು. ಕಾಲೇಜಿನಲ್ಲಿ ಅದು ಸುಳ್ಳು ಹೇಳಿರಲಿಲ್ಲ.

ಒಂದು ರಜೆಯ ದಿನ ಸಹೋದ್ಯೋಗಿ ನಾಗವೇಣಿ ಕುಮಟಾದಿಂದ ಮನೆಗೆ ಬಂದಳು. ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಅದೇ ಖಾಲಿ ಆಕಾಶ ಕೊಟ್ಟೆವು. ಮೂಲೆಯಲ್ಲೊಂದು ಗುರುತು ಬಂತು. ಎಷ್ಟು ಸಲ ಕೊಟ್ಟರೂ ಅಲ್ಲೇ. ನನ್ನ ಸಂಶೋಧನೆಯ ಮಾರ್ಗದರ್ಶಕರಿಗೆ ಫೋನು ಮಾಡಿದರೆ, ಪೂರ್ತಿ ಕೇಳಿಸಿಕೊಳ್ಳದೆಯೇ, ಪ್ರಬಂಧಕ್ಕೆ ಕಾಲೇಜಿನಲ್ಲಿ ಬಂದ ಚಿತ್ರವನ್ನೇ ಕಳಿಸು, ಇದನ್ನು ಮರೆತುಬಿಡು ಎಂದರು. ನನಗೆ ಪಿತ್ತ ನೆತ್ತಿಗೇರಿತು. ಒಳಗೆ ಬಂದರೆ ಎದುರಿಗೇ ಆ ಮಣೆ. ಎತ್ತಿ ಅಂಗಳಕ್ಕೆ ಎಸೆದೆ. ತಪ್ಪು ಮಾಡಿದೆ ಎಂದು ಇವತ್ತಿಗೂ ಅನ್ನಿಸುವುದಿಲ್ಲ.

"ಎಂತಕೆ ಬಿಸಾಕ್ದೆ? ಅವ ಬಂದ್ರೆ ಎಲ್ಲಿ ಕೂತ್ಕಣ್ಬೇಕು?" ಎಂದಳು ಅಮ್ಮ. ಅಳಲಿಲ್ಲ. ಅಂಗಳಕ್ಕೆ ಇಳಿದಳು.

ಅಷ್ಟರಲ್ಲಿ ನಾಗವೇಣಿ ಕರೆದಳು. ಅದೇ ಆಕಾಶ, ಅದೇ ಪ್ರೋಗ್ರಾಂ, ಗುರುತಿಲ್ಲ. ಮತ್ತೆ ಕೊಟ್ಟೆವು, ಇಲ್ಲ. ಅಮ್ಮ ಮಣೆಯನ್ನು ಸೆರಗಿನಿಂದ ಒರೆಸಿ ತಂದು ಮೊದಲಿದ್ದ ಜಾಗದಲ್ಲಿ ಇಟ್ಟಳು. ಗುರುತು ಬಂತು.

"ಇನ್ನೊಂದ್ಸಲ ಮಣೆ ತೆಗ್ದು ನೋಡ್ವನಾ?" ಎಂದು ನಾಗವೇಣಿ ಪಿಸುಗುಟ್ಟಿದಳು. ಅಮ್ಮನಿಗೆ ಕೇಳಿಸಿತು. ಮಣೆಯ ಮೇಲೆ ಎರಡೂ ಕೈ ಊರಿ ಕೂತುಬಿಟ್ಟಳು.

ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದೆ, ದೋಷ ಸಿಗಲಿಲ್ಲ. ಪ್ರಬಂಧದಿಂದ ನನ್ನ ಹೆಸರು ತೆಗೆಸಿದೆ. ಮಾರ್ಗದರ್ಶಕರು ಯಂತ್ರದೋಷ ಎನ್ನುತ್ತಾರೆ, ಊರಿನವರಿಗೆ ಹೇಳಿದರೆ ದೈವ ಎಂದಾರು. ಇಬ್ಬರಿಗೂ ನೋಡುವ ಕಷ್ಟ ಬೇಡ.

ಒಂದು ಸಲ ಆದದ್ದು ಪುರಾವೆಯಲ್ಲ, ಮತ್ತೆ ಮಾಡಿ ನೋಡಬೇಕು ಎಂದು ಪ್ರತಿ ವರ್ಷ ಮಕ್ಕಳಿಗೆ ಬರೆಸುತ್ತೇನೆ. ನಾನು ಮಾತ್ರ ಮಾಡಿ ನೋಡಿಲ್ಲ. ನಿನ್ನೆ ಅಮ್ಮನಿಗೆ ಜ್ವರ, ಹಾಸಿಗೆ ಬಿಟ್ಟು ಏಳಲಿಲ್ಲ. ಮಣೆ ಎತ್ತಿಟ್ಟು ಲ್ಯಾಪ್‌ಟಾಪ್ ತೆರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಣ್ಣನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತ, ಅವನ ತಂಬಿಗೆಯ ನೀರು ಬದಲಿಸಿದೆ.