ಬುರಾನುದ್ದೀನನ ಗಾಳಿಯ ಆಡು

ಬೆಳಗಾವಿಯ ಕ್ಯಾಂಪಿನಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡೇ ಮುನವ್ವರಾಬಿಯವರ ಅಂಗಳವಿತ್ತು. ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನು ಆಗ ದಿನವೂ ಬಸ್ಸು ಹಿಡಿದು ಖಾನಾಪುರದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಆ ಅಂಗಳದಲ್ಲಿ ಆಡಿನ ತೊಗಲು ಸುಲಿದು ಹದ ಮಾಡುವ ಕೆಲಸ ನಡೆಯುತ್ತಿತ್ತು. ವಾಸನೆ ತಾಳಲಾರದೆ ನನ್ನ ಹೆಂಡತಿ ಕಾಂತಾ ಹಿತ್ತಲ ಕಿಟಕಿಯನ್ನು ಮುಚ್ಚುವಳು. ಆ ಕಡೆ ಮಾತು ಜೋರಾದ ಕೂಡಲೇ ತಾನೇ ತೆರೆಯುವಳು. ಮುನವ್ವರಾಬಿ ಮನೆಯಲ್ಲಿ ಆಡುತ್ತಿದ್ದುದು ಉರ್ದು. ಅಳಿಯನನ್ನು ಬೈಯುವಾಗ ಮಾತ್ರ ಕನ್ನಡ. ಓಣಿಯವರಿಗೆಲ್ಲ ತಿಳಿಯಬೇಕಲ್ಲ!

ಆ ಅಳಿಯನೇ ಬುರಾನುದ್ದೀನ. ಮೂಲತಃ ದರ್ಜಿ. ಒಬ್ಬಳೇ ಮಗಳಾದ ನಜ್ಮುನ್ನಿಸಾಳನ್ನು ಕೊಡುವಾಗ ಮುನವ್ವರಾಬಿ, ಮಾವನ ಕಸುಬು ನಿಲ್ಲಬಾರದು ಎಂದಿದ್ದರು, ಇವನು ಒಪ್ಪಿಕೊಂಡಿದ್ದ. ಮಾವ ನಬೀಸಾಬ ತೀರಿಕೊಂಡಿದ್ದರೂ ಅವರ ಚಾಕು ಬಟ್ಟೆಯಲ್ಲಿ ಸುತ್ತಿಕೊಂಡು ಗೋಡೆಯ ಗೂಡಿನಲ್ಲಿ ಕುಳಿತಿತ್ತು. ಬಕ್ರೀದಿನ ದಿನ ಕ್ಯಾಂಪಿನ ಮನೆಮನೆಯವರು ಕರೆಯುತ್ತಿದ್ದುದು ಆ ಚಾಕು ಹಿಡಿದವನನ್ನೇ. ಆದ್ದರಿಂದ ಅದು ತನ್ನ ಕೈಗೆ ಬರಬೇಕೆಂಬುದೊಂದೇ ಬುರಾನುದ್ದೀನನ ಆಸೆ. ಅತ್ತೆಯೋ, ಕಲಿಯುವವನಿಗೆ ಈರುಳ್ಳಿ ಹೆಚ್ಚುವ ಚಾಕು ಸಾಕೆಂದು ಅದನ್ನೇ ಕೊಟ್ಟಿದ್ದರು.

ಆ ವರ್ಷ ಖಾನಾಪುರದ ಕಮ್ಮಾರ ಉಳವಪ್ಪನ ತಿದಿ ಹರಿಯಿತು. ತಿದಿ ಎಂದರೆ ಕುಲುಮೆಗೆ ಗಾಳಿ ಊದುವ ತೊಗಲಿನ ಚೀಲ. ಅದಕ್ಕೆ ಹೊಟ್ಟೆ ಸೀಳದೆ, ಬನಿಯನನ್ನು ಕಳಚಿದಂತೆ ಇಡಿಯಾಗಿ ಸುಲಿದ ತೊಗಲು ಬೇಕು. ಕೂದಲು ಇದ್ದರೂ ಅಡ್ಡಿಯಿಲ್ಲ, ತೂತು ಇರಬಾರದು. ಬಿತ್ತನೆಗೆ ಮುಂಚೆ ರೈತರ ನೇಗಿಲಿನ ಕುಳಗಳನ್ನು ಹಣಿದು ಚೂಪು ಮಾಡಬೇಕಾಗಿದ್ದ ಉಳವಪ್ಪ ಮುನವ್ವರಾಬಿಗೆ ಹೇಳಿಕಳಿಸಿದ.

ಮುನವ್ವರಾಬಿ ಅಳಿಯನನ್ನು ಕರೆದರು. "ಈ ತಿದಿ ನೀನ ಮಾಡು. ಇಲ್ಲೇ ಊದಿ ಬಾಯಿ ಕಟ್ಟೂದು. ಖಾನಾಪುರ ಮುಟ್ಟೂತನಾ ಉಬ್ಬೇ ಇದ್ರ ಚಾಕು ನಿಂದು. ಸೊರಗಿತಂದ್ರ ನನ್ನ ಅಕ್ಕನ ಮಗಂದು. ನೀ ಹೋಗಿ ಕಾಲರ್ ಹೊಲಿ."

ಮೊದಲನೆಯ ಆಡಿಗೆ ಬುರಾನುದ್ದೀನ ಟೇಪು ಹಿಡಿದ. ಎದೆಯ ಅಳತೆ ತೆಗೆದು, ಸೀಮೆಸುಣ್ಣದಿಂದ ಗೆರೆ ಎಳೆದು, ಕೊರಳಿನಿಂದ ಕೆಳಗಿನವರೆಗೆ ಎಷ್ಟು ನೇರವಾಗಿ ಸೀಳಿದನೆಂದರೆ ನಾಲ್ಕು ಗುಂಡಿ ಹಚ್ಚಿದರೆ ಜಾಕೀಟು ಸಿದ್ಧ.

"ಬಟನ್ ಎಲ್ಲಿ ಅದಾವೋ ದುಲ್ಹೇಮಿಯಾ?" ಮುನವ್ವರಾಬಿ ಹೊರಸಿನ ಮೇಲಿಂದಲೇ, ಅಳಿಯನನ್ನು ಮದುಮಗನೆಂದು ಕರೆಯುತ್ತ, ಕೂಗಿದರು. "ಆಡಿಗೆ ಮದುವಿ ಐತೇನು?"

ಎರಡನೆಯದಕ್ಕೆ ಅವರು ಹೊರಸನ್ನು ಹತ್ತಿರ ಎಳೆಸಿಕೊಂಡು ಕುಳಿತರು. ಸತ್ತ ಆಡನ್ನು ತಲೆಕೆಳಗಾಗಿ ತೂಗುಹಾಕಬೇಕು. ಹಿಂಗಾಲಿನ ಗೆಣ್ಣಿನ ಸುತ್ತ ಕೊಯ್ದು, ಒಂದು ತೊಡೆಯಿಂದ ಇನ್ನೊಂದಕ್ಕೆ ಬಾಲದ ಕೆಳಗೆ ಒಂದೇ ಸೀಳು ಹಾಕಬೇಕು. ಆಮೇಲೆ ಚಾಕುವಿಗೆ ಕೆಲಸವಿಲ್ಲ. ತೊಗಲಿಗೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ ಬಿಡಿಸುತ್ತ ಕೆಳಗೆಳೆಯಬೇಕು.

"ಮುಷ್ಟಿ! ಮುಷ್ಟಿ! ಚಾಕು ಇಡು ಕೆಳಗ! ಕೈಯಾಗ ಬಳಿ ಹಾಕ್ಕೊಂಡಿಯೇನು, ಒಡೀತಾವಂತ ಹೆದರಾಕ?"

ತೊಗಲು ಇಡಿಯಾಗಿ ಬಂದಿತು. ಬುರಾನುದ್ದೀನ ಒಳಗಿನ ಕೊಬ್ಬನ್ನು ಮೊಂಡು ಅಲಗಿನಿಂದ ಕೆರೆದು ಉಪ್ಪು ತಿಕ್ಕಿದ. ಕಾಂತಾ ಕೂಡ ಕಿಟಕಿಯಿಂದ "ಚಲೋ ಆತು" ಎಂದಳು. ಇನ್ನು ನೆರಳಿನಲ್ಲಿ ಒಣಗಿಸುವುದಷ್ಟೇ ಉಳಿದಿತ್ತು. ಆದರೆ ಒದ್ದೆ ತೊಗಲಿನ ಸುಕ್ಕುಗಳನ್ನು ನೋಡಿ ಅವನ ದರ್ಜಿಯ ಜೀವ ತಡೆಯಲಿಲ್ಲ. ಅತ್ತೆ ನಮಾಜಿಗೆ ಕುಳಿತಾಗ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ, ಎರಡು ಸಲ ನೀಟಾಗಿ ಎಳೆದುಬಿಟ್ಟ.

ತೊಗಲು ಕರಿದ ಹಪ್ಪಳದಂತೆ ಮುದುಡಿತು. ವಾಸನೆಗೆ ಓಣಿಯ ನಾಯಿಗಳೆಲ್ಲ ನೆರೆದವು. ಆ ದಿನ ಮುನವ್ವರಾಬಿ ಆಡಿದ ಕನ್ನಡದಲ್ಲಿ ಎಷ್ಟೋ ಪದಗಳನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ.

"ಇನ್ನೊಂದ ಆಡು ಕೊಡ್ತೇನಿ," ಎಂದರು ಕೊನೆಗೆ. "ಇದ ಕಡೀದು."

ಮೂರನೆಯದನ್ನು ಬುರಾನುದ್ದೀನ ಉಸಿರು ಬಿಗಿಹಿಡಿದು ಸುಲಿದ. ಹದಕ್ಕೆ ಬರಲೆಂದು ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ನೆನೆಹಾಕಿದ. ಆಕಾರ ಕೆಡದಂತೆ ಒಳಗೆ ಭತ್ತದ ಹೊಟ್ಟು ತುಂಬಿ ನೆರಳಿನಲ್ಲಿ ಒಣಗಿಸಿದ. ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದ. ಅಷ್ಟು ದಿನವೂ ಇಸ್ತ್ರಿ ಪೆಟ್ಟಿಗೆಯನ್ನು ನಜ್ಮುನ್ನಿಸಾ ನಮ್ಮ ಮನೆಯಲ್ಲಿ ತಂದಿಟ್ಟಿದ್ದಳು. ಕೊನೆಗೆ ಹೊಟ್ಟನ್ನು ಹೊರಗೆ ಸುರಿದು, ಕಾಲಿನ ತೂತುಗಳನ್ನು ಬಿಗಿದು, ಹಿಂಬದಿಯ ಸೀಳನ್ನು ಹೊಲಿದು, ಕೊರಳಿನಿಂದ ಊದಿ, ದಾರ ಕಟ್ಟಿದ. ತಲೆಯೊಂದಿಲ್ಲ ಎಂಬುದನ್ನು ಬಿಟ್ಟರೆ ಕೊಬ್ಬಿದ ಕರಿಯ ಆಡೇ ಸರಿ.

ಮರುದಿನ ಬೆಳಿಗ್ಗೆ ನನ್ನ ಬಸ್ಸಿಗೇ ಅವರೂ ಬಂದರು. ಮುನವ್ವರಾಬಿ ಮುಂದಿನ ಸೀಟಿನಲ್ಲಿ ಕುಳಿತರು. ಬುರಾನುದ್ದೀನ ನನ್ನ ಪಕ್ಕದಲ್ಲಿ ಆಡನ್ನು ತಬ್ಬಿಕೊಂಡು ಕುಳಿತ. ತಲೆ ಇಲ್ಲದ್ದು ಕಾಣದಿರಲೆಂದು ಕೊರಳಿಗೆ ಟವೆಲು ಸುತ್ತಿದ್ದ.

ಕಂಡಕ್ಟರು ಬಂದರು. "ಆಡಿಗೂ ಟಿಕೀಟ್ ತಗೋರಿ."

"ಆಡಲ್ರೀ ಇದು. ಬರೇ ಗಾಳಿ ಐತಿ."

"ಗಾಳಿಗೆ ಕೂದಲ ಇರ್ತಾವೇನ್ರಿ? ಗಾಳಿ ಇದ್ರ ಬಿಚ್ಚಿ ತೋರಸ್ರಿ."

"ಬಿಚ್ಚಿದರ ನನ್ನ ಬಾಳೇವ ಹೋಗ್ತದರೀ! ಅಮ್ಮೀ, ನೀವರ ಹೇಳ್ರಿ!"

ಕಂಡಕ್ಟರು ಮುಂದಕ್ಕೆ ನೋಡಿದರು. ಮುನವ್ವರಾಬಿ ಕಿಟಕಿಯ ಕಡೆ ತಿರುಗಿ, "ಅಂವ ಯಾರೋ, ನನಗ ಗುರ್ತ ಇಲ್ಲರೀ," ಎಂದರು. ಬುರಾನುದ್ದೀನ ಗಾಳಿಗೆ ಟಿಕೀಟು ತೆಗೆಸಿದ.

ಪೀರನವಾಡಿಯಲ್ಲಿ ಭರಮವ್ವ ಎಂಬ ಮುದುಕಿ ಹತ್ತಿದಳು. ಬುಟ್ಟಿಯಲ್ಲಿ ಹೊಸ ಕುಡುಗೋಲು. ನಮ್ಮ ಪಕ್ಕದಲ್ಲಿ ತೂರಿಕೊಂಡು ಕುಳಿತವಳೇ ಬುಟ್ಟಿಯನ್ನು ತೊಡೆಯ ಮೇಲಿಟ್ಟು, ಆಡಿಗೆ ಒರಗಿ ನಿದ್ದೆಹೋದಳು. ಬಸ್ಸು ಕುಲುಕಿದಾಗಲೆಲ್ಲ ಕುಡುಗೋಲಿನ ಮೊನೆ ಆಡಿನ ಹೊಟ್ಟೆಯ ಹತ್ತಿರ ಹೋಗಿ ಬರುತ್ತಿತ್ತು. ಬುರಾನುದ್ದೀನ ತನ್ನ ಅಂಗೈಯನ್ನು ನಡುವೆ ಒಡ್ಡಿದ. ಕೈ ಗೀರಿದರೂ ತೆಗೆಯಲಿಲ್ಲ.

"ಯಕ್ಕಾ, ಸ್ವಲ್ಪ ಆ ಕಡೆ ಸರೀರಿ!"

ಮುದುಕಿ ಒಂದೇ ಕಣ್ಣು ತೆರೆದಳು. "ಆಡು ಏನೂ ಅನವಲ್ದು, ನೀ ಯಾಕ ಒದರ್ತೀಪಾ?" ಎಂದು ಮತ್ತೆ ಮಲಗಿದಳು.

ಖಾನಾಪುರದಲ್ಲಿ ಇಳಿದ ಮೇಲೆ ನಾನು ಶಾಲೆಯ ದಾರಿ ಬಿಟ್ಟು ಅವರ ಹಿಂದೆಯೇ ಹೋದೆ. ಕುಲುಮೆಯ ಮುಂದೆ ಮುನವ್ವರಾಬಿ ಆಡನ್ನು ಇಳಿಸಿಕೊಂಡು ಒತ್ತಿದರು, ಬಡಿದರು, ಹೊಲಿಗೆಗೆ ಕಿವಿಯಿಟ್ಟು ಕೇಳಿದರು. ಉಳವಪ್ಪ, "ಏ ಮುದುಕಿ, ನಾಡಿ ಹಿಡಿದು ನೋಡ್ತೀಯೇನು?" ಎಂದ.

"ಬೂದಿ ಕಡೆ ಹಿಡಿದು ಬಿಚ್ಚು," ಎಂದರು ಅಳಿಯನಿಗೆ.

ಬುರಾನುದ್ದೀನ ಆಡಿನ ಕೊರಳನ್ನು ಕುಲುಮೆಗೆ ತಿರುಗಿಸಿ ದಾರ ಬಿಚ್ಚಿ, ಹೊಟ್ಟೆಯನ್ನು ಅಪ್ಪಿ ಒತ್ತಿದ. ಬೆಳಗಾವಿಯ ಗಾಳಿ ಒಂದೇ ಸಲಕ್ಕೆ ಹೊರಬಿತ್ತು. ಬೂದಿಯೆಲ್ಲ ಎದ್ದು ಉಳವಪ್ಪನ ಮೀಸೆಯ ಮೇಲೆ, ಮುನವ್ವರಾಬಿಯ ಸೆರಗಿನ ಮೇಲೆ, ನನ್ನ ಬಿಳಿಯ ಅಂಗಿಯ ಮೇಲೆ ಕುಳಿತಿತು. ಆರಿಹೋಗಿದೆ ಎಂದುಕೊಂಡಿದ್ದ ಕೆಂಡ ಅಡಿಯಲ್ಲಿ ಕೆಂಪಗೆ ಕಣ್ಣು ಬಿಟ್ಟಿತು.

ಮುನವ್ವರಾಬಿ ಕೆಮ್ಮಿದರು. ಕೆಮ್ಮು ನಗೆಯಾಯಿತು. ಸೆರಗಿನ ಗಂಟಿನಿಂದ ಚಾಕು ತೆಗೆದರು. ಅದನ್ನು ಮನೆಯಿಂದಲೇ ತಂದಿದ್ದರು. ಅಳಿಯ ಕೈ ಚಾಚಿದ. ಗೀರಿದ ಅಂಗೈಯನ್ನು ಅವರು ಒಂದು ಕ್ಷಣ ನೋಡಿದರು. ಆದರೂ ಚಾಕು ಬಿಡಲಿಲ್ಲ.

"ಇದು ಬೇಕಂದ್ರ ಇಸ್ತ್ರಿ ಪೆಟ್ಟಿಗಿ ನನಗ ಕೊಡಬೇಕು. ನನ್ನ ಸಂದೂಕದಾಗ ಇರ್ತದ. ಕೀಲಿ ನನ್ನ ಹಂತ್ಯಾಕ."

"ಕೊಟ್ಟೆ, ಅಮ್ಮೀ!"

ಮುಂದೆ ಎಂಬತ್ತರ ದಶಕದುದ್ದಕ್ಕೂ ಬಕ್ರೀದಿನ ಬೆಳಿಗ್ಗೆ ಕ್ಯಾಂಪಿನ ಮನೆಮನೆಗೂ ಬುರಾನುದ್ದೀನನಿಗೇ ಕರೆ. ನಬೀಸಾಬರ ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಎದೆ ಉಬ್ಬಿಸಿಕೊಂಡು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿದ್ದ. ತಾನೇ ಹೊಲಿದ ಹೊಸ ಅಂಗಿಯ ಮೈತುಂಬ ಸುಕ್ಕು.