ಎಡಕ್ಕೆ ತಿರುಗದ ಕಾರು

ಬಲಕ್ಕೆ ತಿರುಗಿಸಿದರೆ ಸುಮ್ಮನಿರುತ್ತೆ, ಎಡಕ್ಕೆ ತಿರುಗಿಸಿದರೆ ಬಾಯಿ ಬಡ್ಕೊಳ್ಳುತ್ತೆ, ಏನದು? ನಿಮಗೆ ಗೊತ್ತಾಗಲ್ಲ ಬುಡಿ. ಅದು ಶೋರೂಮಲ್ಲಿ ರಿಪೇರಿಯಾಗಿ ಬಂದ ನಮ್ಮ ಮಾವನ ಕಾರು. ಎಡಕ್ಕೆ ತಿರುಗಿಸಿದರೆ ಸಾಕು, ಹಾರನ್ ತಾನಾಗೇ ಕೂಗೋದು.

ವಾಪಸ್ ಹೋಗಿ ಕೇಳಿದರೆ, ಟೈ ಕಟ್ಟಿದವನು ಕಂಪ್ಯೂಟರ್ ನೋಡಿ, "ಇದ್ರಲ್ಲಿ ಏನೂ ತೋರಿಸ್ತಿಲ್ಲ ಸಾರ್" ಅಂದ.

"ಕಂಪ್ಯೂಟ್ರುಗೆ ಕಿವಿ ಅದಾ ಸಾಮಿ?" ಅಂದೆ. ಮಾವ ತಲೆಗೆ ಮೊಟಕಿದ.

ಅವತ್ತೇ ಚಿನಕುರಳಿಯಲ್ಲಿ ಮಾವನಿಗೆ ಹೆಣ್ಣು ನೋಡೋದಿತ್ತು. ಆಗಲೇ ಮೂರು ಕಡೆ ಬೇಡ ಅನ್ನಿಸಿಕೊಂಡಿದ್ದ. "ಅವ್ರ ಮನೆ ಮುಂದೆ ಇದು ಅರಚ್ಕೊಂಡ್ರೆ ನನ್ ಮಾನ ಓಯ್ತು ಕಣ್ಲಾ!"

"ಎಡಕ್ಕೆ ತಿರುಗಿಸ್ಲೇಬ್ಯಾಡ ಮಾವ. ಮೂರ್ ಸಲ ಬಲಕ್ಕೆ ತಿರುಗ್ಸು, ಎಡಕ್ಕೇ ಬಂದಂಗಾಯ್ತದೆ" ಅಂತ ಐಡಿಯಾ ಕೊಟ್ಟೆ.

ಹೆಣ್ಣಿನ ಮನೆ ಗೇಟು ಎಡಗಡೆಗಿತ್ತು. ಬರೀ ಬಲಕ್ಕೇ ತಿರುಗಿ ತಿರುಗಿ ಅವರ ಮನೆ ಮುಂದೆ ಮೂರು ಸಲ ಹಾದುಹೋದೆವು. ಕೊನೆಗೆ ಹೆಣ್ಣಿನ ಅಪ್ಪ ಜಗಲಿಯಿಂದ ಇಳಿದು ಬಂದು ಕಾರು ಅಡ್ಡಗಟ್ಟಿದರು.

"ಏನ್ರಪ್ಪಾ, ಎಣ್ ನೋಡಕ್ ಬಂದ್ರಾ, ಓಟ್ ಕೇಳಕ್ ಬಂದ್ರಾ?"

ಮಾವ ನಾಚಿಕೊಂಡು ಕಾರಿನ ಕಥೆಯೆಲ್ಲ ಒಪ್ಪಿಸಿದ. ಒಳಗಿಂದ ಹುಡುಗಿ ನಕ್ಕಿದ್ದು ಬೀದಿಗೇ ಕೇಳಿಸಿತು. ಸಂಬಂಧ ಕುದುರಿತು. "ಮೂರ್ ಸುತ್ತು ಬಂದಾಯ್ತಲ್ಲ, ಇನ್ನ ತಾಳಿ ಒಂದೇ ಬಾಕಿ" ಅಂದಳಂತೆ ಹುಡುಗಿ.

ಸಂಬಂಧ ಕುದುರಿದ್ದು ನಿಜ. ಆ ಕೊನೆ ಮಾತು ನಾನು ಕಟ್ಟಿದ್ದು. ಅವಳು ಏನಂದಳೋ ಯಾರಿಗೆ ಗೊತ್ತು, ನಾನು ಎರಡನೇ ತಟ್ಟೆ ಕೇಸರಿಬಾತಲ್ಲಿದ್ದೆ.